ನಲವತ್ತೈದು ದಿನದ ಗಡುವು

ನ್ಯಾಮತಿ
24 ಏಪ್ರಿಲ್ 2025

ಪ್ರಸನ್ನಕುಮಾರ್ ಸಾರ್ ಅವರಿಗೆ,

ನಾನು ಶಾಹೀನ್. ನಿಮ್ಮ ಚನ್ನಗಿರಿಯ ವಕೀಲಿ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತರಾಗಿದ್ದ ಗನಿಸಾಬರ ಮಗಳು. ಕ್ಷೇಮ ಸಮಾಚಾರ ಕೇಳುವಷ್ಟು ದೊಡ್ಡ ಮನಸ್ಸು ಈಗ ನನಗಿಲ್ಲ.

ಸೋಮವಾರ ಹಗಲು ಹನ್ನೊಂದು ಗಂಟೆಗೆ ನೀವು ವಕೀಲರಾಗಿರುವ ಫೈನಾನ್ಸ್ ಕಂಪನಿಯ ಮೂವರು ಬಂದು ನಮ್ಮ ಮನೆ ಬಾಗಿಲಿಗೆ ಸ್ವಾಧೀನದ ನೋಟೀಸು ಅಂಟಿಸಿ, ಅದರ ಫೋಟೋ ಹೊಡೆದುಕೊಂಡು ಹೋದರು. ಇಡೀ ಓಣಿ ನಿಂತು ನೋಡಿತು. ಕಿತ್ತರೆ ಕೇಸು ಹಾಕುತ್ತೇವೆ ಎಂದು ಬೇರೆ ಹೇಳಿದ್ದಾರೆ. ಅಮ್ಮಿ ಅವತ್ತಿನಿಂದ ಹಿತ್ತಲ ಬಾಗಿಲಲ್ಲೇ ಓಡಾಡುತ್ತಿದ್ದಾರೆ.

ಅಬ್ಬಾ ಸಾಲಕ್ಕೆ ಜಾಮೀನು ನಿಂತಿದ್ದು ಸುಳ್ಳು ಎಂದು ನಾನು ವಾದ ಮಾಡುವುದಿಲ್ಲ. ಅಮ್ಮಿಯ ತಮ್ಮನ ಮಗ ತೌಸಿಫ್ ಹೊನ್ನಾಳಿಯಲ್ಲಿ ಸಿಮೆಂಟ್ ಇಟ್ಟಿಗೆ ಫ್ಯಾಕ್ಟರಿ ಹಾಕುವಾಗ ಅಬ್ಬಾ ಮನೆಪತ್ರ ಇಟ್ಟು ಸಹಿ ಹಾಕಿದರು. ನೀವು ಕೆಲಸ ಬಿಡಿಸಿದ ಮೇಲೆ ಐವತ್ತೆಂಟರ ಮನುಷ್ಯನಿಗೆ ಯಾರು ಕೆಲಸ ಕೊಡುತ್ತಾರೆ ಹೇಳಿ. ಫ್ಯಾಕ್ಟರಿಯಲ್ಲಿ ಪಾಲು ಕೊಡುತ್ತೇನೆಂದ, ಇವರು ನಂಬಿದರು. ಅವನು ಕಳೆದ ಗಣೇಶನ ಹಬ್ಬದ ಹೊತ್ತಿಗೆ ಬೀಗ ಹಾಕಿಕೊಂಡು ಹೋದವನು ಎಲ್ಲಿದ್ದಾನೋ ದೇವರಿಗೇ ಗೊತ್ತು. ಕಂಪನಿಯ ಕಾಗದದಲ್ಲಿ ಇದ್ದದ್ದು ಅವನ ಫೋನ್ ನಂಬರೊಂದೇ, ನಮಗೆ ಒಂದು ಕರೆಯೂ ಬರಲಿಲ್ಲ.

ಜನವರಿಯಲ್ಲೇ ಸಾಲ ಕಟ್ಟಲು ಅರವತ್ತು ದಿನದ ನೋಟೀಸು ಕೊಟ್ಟಿದ್ದೆವು ಎಂದು ಅವರು ತೋರಿಸಿದರು. ಕೆಳಗೆ ನಿಮ್ಮ ಸಹಿ. ಸಾರ್, ಜನವರಿಯಲ್ಲಿ ಅಬ್ಬಾಗೆ ಲಕ್ವ ಹೊಡೆದು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದರು. ಅಮ್ಮಿ ಬಟ್ಟೆ ಒಯ್ಯಲು ಒಂದು ದಿನದ ಮಟ್ಟಿಗೆ ಮನೆಗೆ ಬಂದಿದ್ದಾಗ ಪೋಸ್ಟ್‌ಮ್ಯಾನ್ ಬಂದನಂತೆ. "ಚನ್ನಗಿರಿ ವಕೀಲರ ಆಫೀಸಿಂದು ರಿಜಿಸ್ಟರ್ ಐತ್ರಿ" ಅಂದನಂತೆ. ಅಮ್ಮಿ ಕವರನ್ನು ಮುಟ್ಟಲೂ ಇಲ್ಲ. "ಆ ಆಫೀಸಿನ ಒಂದು ಚೂರು ಕಾಗದನೂ ನಮ್ಮನೆ ಹೊಸ್ತಿಲು ದಾಟಬಾರ್ದು. ವಾಪಸ್ ಕಳ್ಸ್ರಿ" ಅಂದರಂತೆ. ಅದಕ್ಕೂ ಮುಂಚೆ ನಿಮ್ಮ ಮೂರು ಕವರನ್ನು ಹೀಗೇ ವಾಪಸು ಕಳಿಸಿದ್ದರಲ್ಲ, ಇದೂ ನಾಲ್ಕನೆಯದು ಎಂದುಕೊಂಡರು. ನಾನಾದರೂ ನೋಡಿದ್ದರೆ ಫ್ಯಾಕ್ಟರಿಯ ಯಂತ್ರ ಮಾರಿಸಿ, ನನ್ನ ಸಂಬಳದ ಮೇಲೆ ಸಾಲ ಎತ್ತಿ, ಹೇಗೋ ಮನೆ ಉಳಿಸಿಕೊಳ್ಳುತ್ತಿದ್ದೆ.

ನನ್ನ ಪ್ರಶ್ನೆ ಒಂದೇ. ಅದು ನಮ್ಮ ಮನೆ ಎಂದು ತಿಳಿದೇ ಸಹಿ ಹಾಕಿದಿರಾ? ಫೋನ್ ಮಾಡಬೇಡಿ, ನಿಮ್ಮ ನಂಬರ್ ಬ್ಲಾಕ್ ಮಾಡಿದ್ದೇನೆ. ಬಾಯಿಮಾತಿಗೆ ಬೆಲೆಯಿಲ್ಲ ಎಂದು ನೀವೇ ಕಕ್ಷಿದಾರರಿಗೆ ಹೇಳುತ್ತಿದ್ದಿರಿ. ಹೇಳುವುದನ್ನು ಬರೆದು ಕಳಿಸಿ, ನಾನು ಪಾಠ ಮಾಡುವ ಜಗಳೂರಿನ ಹೈಸ್ಕೂಲ್ ವಿಳಾಸಕ್ಕೆ. ಇಲ್ಲಿಗೆ ಕಳಿಸಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು.

ಶಾಹೀನ್


ಚನ್ನಗಿರಿ
2 ಮೇ 2025

ಚಿ. ಶಾಹೀನ್‌ಗೆ ಆಶೀರ್ವಾದ.

ನೀನು ಬೈದಿದ್ದರೆ ಚೆನ್ನಾಗಿತ್ತು. ನಿನ್ನಪ್ಪನ ಹಾಗೆಯೇ ಬೈಯದೆ ಬರೆದಿದ್ದೀಯ, ಅದನ್ನು ತಡೆದುಕೊಳ್ಳುವುದು ಕಷ್ಟ.

ಉತ್ತರ: ತಿಳಿದು ಹಾಕಲಿಲ್ಲ. ಓದದೆ ಹಾಕಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ಪಟ್ಟಿ ಕಂಪನಿಯಿಂದ ತಿಂಗಳಿಗೊಮ್ಮೆ ಬರುತ್ತದೆ. ನನ್ನ ಜೂನಿಯರ್ ಸುದೀಪ್ ಹೆಸರು ತುಂಬಿ ಕಟ್ಟುಗಟ್ಟಲೆ ಪ್ರಿಂಟ್ ತೆಗೆದಿಡುತ್ತಾನೆ. ನಾನು ಕಾಫಿ ಆರುವುದರೊಳಗೆ ಒಂದು ಕಟ್ಟು ಮುಗಿಸುತ್ತೇನೆ. 'ಅಬ್ದುಲ್ ಗನಿ, ಜಾಮೀನುದಾರ, ನ್ಯಾಮತಿ' ಎಂದು ಅದರಲ್ಲಿತ್ತು. ಕಣ್ಣು ಹಾಯಿಸಿದ್ದರೆ ಕೈ ನಿಲ್ಲುತ್ತಿತ್ತು. ಹಾಯಿಸಲಿಲ್ಲ.

ನೋಟೀಸು 'ಪಡೆಯಲು ನಿರಾಕರಿಸಿದ್ದಾರೆ' ಎಂಬ ಷರಾದೊಂದಿಗೆ ವಾಪಸು ಬಂದಿದೆ. ಬೇಡ ಎಂದು ಕಳಿಸಿದ ನೋಟೀಸು ಕಾನೂನಿನ ಕಣ್ಣಿಗೆ ತಲುಪಿದ ನೋಟೀಸೇ. ನಮ್ಮ ಕಡೆಯ ಜನಕ್ಕೆ ರಿಜಿಸ್ಟರ್ ತೆಗೆದುಕೊಳ್ಳದಿದ್ದರೆ ಕೇಸೇ ಇಲ್ಲ ಎಂಬ ನಂಬಿಕೆ. ಸಾಲ ಕೊಟ್ಟವರ ಪರ ವಕೀಲ ನಾನು, ಆ ನಂಬಿಕೆಯಿಂದಲೇ ಚನ್ನಗಿರಿಯಲ್ಲಿ ಮನೆ ಕಟ್ಟಿಸಿದೆ. ಗನಿಸಾಬರು ಮಾತ್ರ ಈ ವಿಷಯಕ್ಕೆ ನನ್ನ ಜೊತೆ ಕಾದಾಡುತ್ತಿದ್ದರು. "ಓದಿ ಹೇಳ್ದಿದ್ರೆ ಅದು ಯಾತರ ನೋಟೀಸ್ರಿ ಸಾಹೇಬ್ರೆ" ಎಂದು, ಭಾನುವಾರ ಸ್ವಂತ ಖರ್ಚಿನಲ್ಲಿ ಬಸ್ಸು ಹತ್ತಿ ಊರೂರಿಗೆ ಹೋಗಿ, ಜಗುಲಿ ಮೇಲೆ ಕೂತು, ಒಕ್ಕಣೆಯನ್ನು ಅವರ ಮಾತಿನಲ್ಲಿ ಓದಿ ಹೇಳಿ ಬರುತ್ತಿದ್ದರು.

ಹೊನ್ನಾಳಿಯ ಗಿಡ್ಡಪ್ಪನಿಗೂ ಹಾಗೇ ಓದಿ ಹೇಳಿದರು. ಅವನು ಮಾರನೆಯ ದಿನವೇ ಜಪ್ತಿಗಿದ್ದ ಗಾಡಿಯನ್ನು ಜಗಳೂರಿನ ಮಾವನ ಮನೆಗೆ ಸಾಗಿಸಿಬಿಟ್ಟ. ಕಂಪನಿಯ ಮ್ಯಾನೇಜರು ನನ್ನ ಕೋಣೆಗೆ ಬಂದು ಕೂಗಾಡಿದ. ನಾನು ಎಲ್ಲರ ಮುಂದೆ ನಿನ್ನಪ್ಪನಿಗೆ, ನೀನು ಯಾರ ಉಪ್ಪು ತಿಂತಿದೀಯ ಎಂದು ಕೇಳಿದೆ. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲ ಸಲ ಏಕವಚನ. ಅವರು ಬೀರುವಿನ ಕೀಲಿ ಮೇಜಿನ ಮೇಲಿಟ್ಟು ಹೋದರು. ನಾನು ತಡೆಯಲಿಲ್ಲ. ವಾಪಸು ಬಂದ ಆ ಮೂರು ಕವರಿನಲ್ಲಿ ಇದ್ದದ್ದು ಕ್ಷಮೆ. ಆಫೀಸಿನ ಕವರಿನಲ್ಲೇ, ಆಫೀಸಿನ ಮೊಹರು ಒತ್ತಿ ಕಳಿಸಿದ್ದೆ. ಎಂಥ ಬುದ್ಧಿಗೇಡಿ ನಾನು.

ಈಗ ಕೆಲಸದ ಮಾತು, ಗಮನವಿಟ್ಟು ಓದು. ಬಾಗಿಲಿಗೆ ಅಂಟಿಸಿದ ದಿನದಿಂದ ನಲವತ್ತೈದು ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಅಂದರೆ ಜೂನ್ ಐದು. ನಿನ್ನ ತಾಯಿ ನಿರಾಕರಿಸಿದ್ದು ನನ್ನ ಸ್ವಂತ ಪತ್ರ ಎಂದು ತಿಳಿದು, ನೋಟೀಸು ಎಂದು ತಿಳಿದಲ್ಲ ಎಂಬುದನ್ನು ಯಾರಾದರೂ ಹೇಳಬೇಕು. ಅದನ್ನು ಹೇಳಬಲ್ಲವನು ನಾನೊಬ್ಬನೇ. ಇನ್ನೊಂದು ಕಾಗದವೂ ಇದೆ. ನಿಯಮ ಪಾಲನೆಗೆಂದು ಪ್ರತಿ ನೋಟೀಸಿಗೂ 'ಒಕ್ಕಣೆಯನ್ನು ಜಾಮೀನುದಾರರಿಗೆ ಅವರ ಭಾಷೆಯಲ್ಲಿ ತಿಳಿಸಲಾಗಿದೆ' ಎಂದು ನಾನು ದೃಢೀಕರಿಸಿ ಕೊಡುತ್ತೇನೆ. ಗನಿಸಾಬರು ಹೋದ ಮೇಲೆ ಅದು ಶುದ್ಧ ಸುಳ್ಳು. ಇವೆರಡನ್ನೂ ಅಫಿಡವಿಟ್ ಮಾಡಿ ಕೊಡುತ್ತೇನೆ. ನೋಟೀಸು ಬಿದ್ದುಹೋದರೆ ಕಂಪನಿ ಮೊದಲಿನಿಂದ ಶುರು ಮಾಡಬೇಕು, ನಿಮಗೆ ಹಣ ಹೊಂದಿಸಲು ತಿಂಗಳುಗಟ್ಟಲೆ ಸಮಯ ಸಿಗುತ್ತದೆ.

ಅದು ಕೈಸೇರುವವರೆಗೆ ಅರ್ಜಿ ಹಾಕಬೇಡ. ಅದಿಲ್ಲದೆ ಹಾಕಿದರೆ ಮೊದಲ ದಿನವೇ ವಜಾ ಆಗುತ್ತದೆ.

ಇತಿ,
ಪ್ರಸನ್ನಕುಮಾರ್


ಜಗಳೂರು
9 ಮೇ 2025

ಸಾರ್,

ನಿಮ್ಮ ಪತ್ರವನ್ನು ನ್ಯಾಮತಿಗೆ ಹೋಗಿ ಅಬ್ಬಾಗೆ ಪೂರ್ತಿ ಓದಿ ಹೇಳಿದೆ. ಬಲಗೈ ಇನ್ನೂ ಎತ್ತಲಾಗುವುದಿಲ್ಲ, ಮಾತು ತೊದಲುತ್ತದೆ. ಕೇಳುತ್ತಾ ಕೇಳುತ್ತಾ ಕಣ್ಣಲ್ಲಿ ನೀರು ಬಂತು. ಆ ಮೂರು ಕವರಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ, ಅಮ್ಮಿ ಹೇಳಿರಲಿಲ್ಲ.

"ನೋಡಿದ್ಯಾ, ನಾನು ಹೇಳಿರ್ಲಿಲ್ವಾ, ಸಾಹೇಬ್ರು ಕೆಟ್ಟೋರಲ್ಲ" ಅಂದರು ಅಮ್ಮಿಗೆ. ಅಮ್ಮಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿಂದಲೇ, "ನನ್ನ ಕೈಯಾರೆ ಮನೆ ಕಳ್ದೆ, ಯಾ ಅಲ್ಲಾ" ಎಂದು ಅತ್ತರು. ಎಷ್ಟು ಸಮಾಧಾನ ಮಾಡಿದರೂ ಊಟ ಮಾಡಲಿಲ್ಲ.

ಅಬ್ಬಾ ಒಂದು ಮಾತು ಕೇಳಲು ಹೇಳಿದರು. "ಸುಳ್ಳು ದೃಢೀಕರಣ ಅಂತ ಬರ್ಕೊಟ್ರೆ ಅವ್ರ ವಕೀಲಿ ಸನ್ನದು ಉಳೀತೈತಾ? ಕೇಳಮ್ಮ ಮೊದ್ಲು." ನನಗೆ ನಿಜವಾಗಿ ಸಿಟ್ಟು ಬಂತು. ನಮ್ಮ ಮನೆಗೆ ಬೆಂಕಿ ಬಿದ್ದಿರುವಾಗ ಪಕ್ಕದ ಮನೆಯ ಹಿತ್ತಲು ಕಾಯುತ್ತೀರಾ ಎಂದೆ. ಆದರೂ ಕೇಳುತ್ತಿದ್ದೇನೆ, ಅವರಿಗೆ ಮಾತು ಕೊಟ್ಟಿದ್ದೇನೆ.

ನೀವು ಹೇಳಿದಂತೆ ಕಾಯುತ್ತೇನೆ. ದಾವಣಗೆರೆಯ ಒಬ್ಬ ವಕೀಲರಿಗೆ ಹೇಳಿಟ್ಟಿದ್ದೇನೆ. ಯಾವಾಗ ಕಳಿಸುತ್ತೀರಿ?

ಶಾಹೀನ್


ಚನ್ನಗಿರಿ
19 ಮೇ 2025

ಚಿ. ಶಾಹೀನ್,

ತಡವಾಗಿದ್ದಕ್ಕೆ ಕ್ಷಮಿಸು. ಕೋರ್ಟಿಗೆ ಬೇಸಿಗೆ ರಜೆ, ನೋಟರಿ ಮಗಳ ಮದುವೆ ಎಂದು ಊರಲ್ಲಿಲ್ಲ. ಒಕ್ಕಣೆಯನ್ನೂ ನಾಲ್ಕು ಸಲ ಬದಲಿಸಿದೆ. ಇಂಥದ್ದನ್ನು ದುಡುಕಿ ಬರೆಯಬಾರದು, ಒಂದು ಪದ ಹೆಚ್ಚುಕಮ್ಮಿಯಾದರೆ ನಿಮಗೇ ಮುಳುವಾಗುತ್ತದೆ.

ಗನಿಸಾಬರ ಪ್ರಶ್ನೆಗೆ ಉತ್ತರ: ಬಹುಶಃ ಉಳಿಯುವುದಿಲ್ಲ. ವಕೀಲರ ಪರಿಷತ್ತು ಕೇಳುತ್ತದೆ, ಎಷ್ಟು ಇಂಥ ದೃಢೀಕರಣ ಕೊಟ್ಟಿದ್ದೀರಿ ಎಂದು. ಎರಡು ವರ್ಷದ್ದು ಎಣಿಸಲು ಕೂತೆ, ಸಾವಿರ ದಾಟಿದ ಮೇಲೆ ಬಿಟ್ಟೆ. ಆ ಸಾವಿರ ಜನರ ಮನೆಗಳೂ ಇವೆಯಲ್ಲ ಶಾಹೀನ್. ಅವರಿಗೆಲ್ಲ ಯಾರು ಅಫಿಡವಿಟ್ ಕೊಡುತ್ತಾರೆ?

ನಿನ್ನೆ ಕಂಪನಿಯ ಮ್ಯಾನೇಜರು ಫೋನ್ ಮಾಡಿದ್ದ. ಜುಲೈನಿಂದ ನಾಲ್ಕೂ ತಾಲ್ಲೂಕಿನ ನಿಯಮ ಪಾಲನೆಯ ಪೂರ್ತಿ ಹೊಣೆ ನನಗೇ ಕೊಡುತ್ತಾರಂತೆ, ತಿಂಗಳಿಗೆ ನಿಗದಿ ಸಂಬಳದ ಹಾಗೆ. ನಗು ಬಂತು. ಸರಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಹೇಮಾವತಿಗೆ ಎಲ್ಲ ಹೇಳಿದೆ. ನನ್ನ ಹೆಂಡತಿ ಕೋರ್ಟಿನ ವಿಷಯಕ್ಕೆ ತಲೆ ಹಾಕುವವಳಲ್ಲ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಕೊಡಂಗಿದ್ರೆ ಕೊಟ್ಟುಬಿಡ್ರಿ, ಇಲ್ಲಾಂದ್ರೆ ಆಗಲ್ಲ ಅಂತ ಇವತ್ತೇ ಬರೀರಿ. ಪಾಪದೋರನ್ನ ಕಾಯ್ಸಬ್ಯಾಡ್ರಿ" ಅಂದಳು. ಅವಳು ಹೇಳಿದ್ದು ಸರಿ. ಈ ವಾರ ಮುಗಿಯುವುದರೊಳಗೆ ಕಳಿಸುತ್ತೇನೆ.

ಗನಿಸಾಬರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ತಾಯಿ ದಿಲ್‌ಶಾದ್ ಅವರಿಗೆ ಏನು ತಿಳಿಸಬೇಕೋ ನನಗೆ ಗೊತ್ತಾಗುತ್ತಿಲ್ಲ.

ಇತಿ,
ಪ್ರಸನ್ನಕುಮಾರ್


ಜಗಳೂರು
29 ಮೇ 2025

ಸಾರ್,

ನೀವು ಹೇಳಿದ ವಾರ ಮುಗಿದು ಇನ್ನೊಂದು ವಾರವೂ ಮುಗಿಯುತ್ತ ಬಂತು. ಇನ್ನು ಏಳು ದಿನ ಉಳಿದಿದೆ. ದಾವಣಗೆರೆ ವಕೀಲರು ಅರ್ಜಿ ತಯಾರು ಮಾಡಿ ಇಟ್ಟಿದ್ದಾರೆ. ಬರಲಿ ಬಿಡಲಿ, ಹಾಕಿಬಿಡೋಣ ಎನ್ನುತ್ತಾರೆ. ಅದಿಲ್ಲದೆ ಹಾಕಿದರೆ ವಜಾ ಆಗುತ್ತದೆ ಎಂದು ನೀವು ಬರೆದಿದ್ದೀರಿ. ಅಬ್ಬಾ ನಿಮ್ಮ ಮಾತೇ ಕೇಳಬೇಕೆನ್ನುತ್ತಾರೆ. "ಸಾಹೇಬ್ರಿಗಿಂತ ಆ ಕಾಯ್ದೆ ತಿಳ್ದೋರು ಈ ಸೀಮ್ಯಾಗೆ ಯಾರವ್ರೆ" ಎಂದು ನನ್ನ ಬಾಯಿ ಮುಚ್ಚಿಸಿದರು.

ನಿಮ್ಮ ನಂಬರ್ ಅನ್‌ಬ್ಲಾಕ್ ಮಾಡಿ ಮೂರು ದಿನದಿಂದ ಫೋನ್ ಹಚ್ಚುತ್ತಿದ್ದೇನೆ. ರಿಂಗ್ ಆಗುತ್ತದೆ. ಸುದೀಪ್ ಒಮ್ಮೆ ಎತ್ತಿ, ಸರ್ ಸಂತೇಬೆನ್ನೂರಿಗೆ ಹೋಗಿದ್ದಾರೆ ಅಂದ.

ಕೊಡಲು ಆಗದಿದ್ದರೆ ಆಗದು ಎಂದಾದರೂ ತಿಳಿಸಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ಶಾಹೀನ್


ಚನ್ನಗಿರಿ
6 ಜೂನ್ 2025

ಚಿ. ಶಾಹೀನ್,

ಅಫಿಡವಿಟ್ ಇದರೊಂದಿಗೆ ಇಟ್ಟಿದ್ದೇನೆ. ಹೇಳಿದ ಎಲ್ಲವೂ ಅದರಲ್ಲಿದೆ, ಏನನ್ನೂ ಬಿಟ್ಟಿಲ್ಲ. ಕೆಲಸದ ಒತ್ತಡದಲ್ಲಿ ತಡವಾಯಿತು. ಮನೆಯವರಿಗೆಲ್ಲ ಬಕ್ರೀದ್ ಶುಭಾಶಯಗಳು.

ಪ್ರಸನ್ನಕುಮಾರ್


ಜಗಳೂರು
14 ಸೆಪ್ಟೆಂಬರ್ 2025

ಪ್ರಸನ್ನಕುಮಾರ್ ಸಾರ್ ಅವರಿಗೆ,

ನಿಮಗೆ ಇನ್ನು ಬರೆಯಬಾರದು ಎಂದುಕೊಂಡಿದ್ದೆ. ಒಂದು ವಿಷಯ ಕೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಹೋಯಿತು. ಹರಾಜಿನಲ್ಲಿ ತೆಗೆದುಕೊಂಡವರು ನಾಗರಾಜ್ ಅಂತ, ನ್ಯಾಮತಿಯಲ್ಲೇ ಗೊಬ್ಬರದ ಅಂಗಡಿ ಇಟ್ಟಿರುವವರು. ಒಳ್ಳೆಯವರೇ. ಸಾಮಾನು ಸಾಗಿಸಲು ಹದಿನೈದು ದಿನ ಕೊಟ್ಟರು. ಅಬ್ಬಾ ಅಮ್ಮಿ ಈಗ ನನ್ನ ಜೊತೆ ಇಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ. ಅಮ್ಮಿ ಈಗ ಯಾರೇ ಪೋಸ್ಟ್‌ಮ್ಯಾನ್ ಬೀದಿಯಲ್ಲಿ ಹಾದರೂ ಓಡಿಹೋಗಿ, ನಮಗೇನಾದರೂ ಬಂದಿದೆಯಾ ಎಂದು ಕೇಳುತ್ತಾರೆ. ಕರೆಂಟ್ ಬಿಲ್ಲನ್ನೂ ನನ್ನಿಂದ ಎರಡು ಸಲ ಓದಿಸುತ್ತಾರೆ. ನೋಡಲಾಗುವುದಿಲ್ಲ ಸಾರ್.

ನಿಮ್ಮ ಕವರು ನನ್ನ ಕೈ ಸೇರಿದ್ದು ಜೂನ್ ಒಂಬತ್ತು, ಸೋಮವಾರ. ಅವತ್ತೇ ದಾವಣಗೆರೆಗೆ ಓಡಿದೆ. ವಕೀಲರು ಓದಿ, ಚಿನ್ನದಂಥ ಕಾಗದ, ಐದನೇ ತಾರೀಖಿನೊಳಗೆ ಬಂದಿದ್ದರೆ ಗೆದ್ದಂತೆಯೇ ಇತ್ತು ಅಂದರು. "ಈಗ್ಲೂ ತಡಕ್ಕೆ ಕಾರಣ ಕೊಟ್ಟು ಹಾಕಿ ನೋಡ್ಬಹುದು ಟೀಚರ್ರೇ. ಆದ್ರೆ ಹತ್ರಾಗೆ ಒಂಬತ್ತು ಬಿದ್ದೋಗ್ತವೆ" ಅಂದರು. ಒಂದಾದರೂ ಇದೆಯಲ್ಲ, ಹಾಕೋಣ ಎಂದೆ ನಾನು.

ಅಬ್ಬಾ ಬೇಡವೆಂದರು. "ನಿಲ್ಲದ ಕೇಸಿಗೆ ಅವ್ರ ಸನ್ನದು ಯಾಕೆ ಕಳೀಬೇಕು? ನಮ್ದು ಹೋಗೈತೆ, ಅವ್ರದ್ದಾದ್ರೂ ಉಳೀಲಿ" ಅಂದರು. ಒಂದು ವಾರ ಜಗಳವಾಡಿದೆ. ಮೂರು ದಿನ ಮಾತು ಬಿಟ್ಟೆ. ಅವರು ಜಗ್ಗಲಿಲ್ಲ. ಮನೆ ಅವರದು, ಅರ್ಜಿಗೆ ಸಹಿ ಅವರದ್ದೇ ಬೇಕು. ನಿಮ್ಮ ಅಫಿಡವಿಟ್ ಅವರ ಟ್ರಂಕಿನಲ್ಲಿದೆ.

ಈಗ ಕೇಳಬೇಕಾದದ್ದು. ಅಫಿಡವಿಟ್ ಮೇಲೆ ನೋಟರಿಯ ತಾರೀಖು ಮೇ ಮೂವತ್ತೊಂದು ಇದೆ. ಕವರಿನ ಮೇಲೆ ಚನ್ನಗಿರಿ ಅಂಚೆಯ ಮುದ್ರೆ ಜೂನ್ ಆರು. ನಡುವಿನ ದಿನಗಳಲ್ಲಿ ಅದು ಎಲ್ಲಿತ್ತು?

ನಾನು ಇದನ್ನು ಅಬ್ಬಾಗೆ ತೋರಿಸಿದಾಗ ಅವರು ಏನಂದರು ಕೇಳಿ. "ಬೈಬ್ಯಾಡಮ್ಮ ಸಾಹೇಬ್ರನ್ನ. ಟಪಾಲು ಹಾಕಾದು ನನ್ನ ಕೆಲ್ಸ ಆಗಿತ್ತು. ತಾರೀಖಿನ ಡೈರಿನೂ ನಾನೇ ನೋಡ್ತಿದ್ದೆ, ಇಂಥ ದಿನಕ್ಕೆ ಇಂಥದ್ದು ಐತೆ ಅಂತ ನಾನು ನೆನಪು ಮಾಡ್ಬೇಕಾಗಿತ್ತು. ನಾನಿಲ್ಲ, ಮರ್ತು ಮೇಜಿನ ಮ್ಯಾಲೇ ಉಳ್ದೈತೆ ಪಾಪ. ಅವತ್ತು ನಾನು ಗಿಡ್ಡಪ್ಪನ ಮನೀಗೆ ಹೋಗ್ದೆ ಇದ್ದಿದ್ರೆ ಇದ್ಯಾವ್ದೂ ಆಗ್ತಿರ್ಲಿಲ್ಲ. ಎಲ್ಲಾ ನಂದೇ ತಪ್ಪು."

ದಿನಾ ಇದನ್ನೇ ಹೇಳುತ್ತಾರೆ. ಊಟಕ್ಕೆ ಕೂತರೂ ಇದೇ. ಗೋಡೆ ನೋಡಿಕೊಂಡು ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಾರೆ.

ಅವರು ಅಂದದ್ದು ನಿಜವಾ ಸಾರ್? ಮರೆತಿರಾ? ಮರೆತೆ ಎಂದು ಬರೆದರೆ ನಾನು ನಂಬಲು ಪ್ರಯತ್ನಿಸುತ್ತೇನೆ. ಮರೆಯುವುದು ಮನುಷ್ಯರಿಗೆ ಇದ್ದದ್ದೇ.

ಶಾಹೀನ್


ಚನ್ನಗಿರಿ
22 ಸೆಪ್ಟೆಂಬರ್ 2025

ಶಾಹೀನ್,

ಮರೆತೆ ಎಂದು ಒಂದು ಕಾಗದ ಬರೆದಿದ್ದೆ. ಚೆನ್ನಾಗಿಯೇ ಬಂದಿತ್ತು. ಸುಳ್ಳು ಬರೆಯುವುದರಲ್ಲಿ ಈ ವಯಸ್ಸಿಗೆ ಕೈ ಪಳಗಿದೆ. ಹೇಮಾವತಿ ಓದಿ, ಮಡಚಿ ಮೇಜಿನ ಮೇಲಿಟ್ಟಳು. ಅದನ್ನು ಹರಿದು ಇದನ್ನು ಬರೆಯುತ್ತಿದ್ದೇನೆ.

ಗನಿಸಾಬರದ್ದು ಯಾವ ತಪ್ಪೂ ಇಲ್ಲ. ಇದನ್ನು ಅವರಿಗೆ ಗಟ್ಟಿಯಾಗಿ ಹೇಳು. ತಾರೀಖನ್ನು ನನಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ಇನ್ನೊಬ್ಬರ ಗಡುವು ಎಣಿಸುವುದೇ ನನ್ನ ಕಸುಬು, ನಿಮ್ಮ ನಲವತ್ತೈದನ್ನೂ ಎಣಿಸಿದ್ದೆ. ಒಂದು ದಿನವೂ ತಪ್ಪಲಿಲ್ಲ.

ಮೇ ಮೂವತ್ತೊಂದಕ್ಕೆ ನೋಟರಿಯ ಮುಂದೆ ಸಹಿ ಹಾಕಿದಾಗ ಕಳಿಸಬೇಕೆಂದೇ ಹಾಕಿದೆ, ಇದನ್ನಾದರೂ ನಂಬು. ಕವರಿಗೆ ಹಾಕಿ, ವಿಳಾಸ ಬರೆದು, ಬೀರುವಿನಲ್ಲಿಟ್ಟೆ. ಸೋಮವಾರ ಕಳಿಸೋಣ ಎಂದುಕೊಂಡೆ. ಸೋಮವಾರ ಬಂದಾಗ ಮಂಗಳವಾರ ಎಂದುಕೊಂಡೆ. ಬುಧವಾರದ ಹೊತ್ತಿಗೆ ನನಗೆ ಗೊತ್ತಾಯಿತು, ನಾನು ಮುಂದೂಡುತ್ತಿಲ್ಲ, ಕಾಯುತ್ತಿದ್ದೇನೆ ಎಂದು. ಗಡುವು ಮುಗಿದ ಮೇಲೆ ಕಳಿಸಿದರೆ ಸತ್ಯ ಹೇಳಿದ ಹಾಗೂ ಆಗುತ್ತದೆ, ಅದು ಯಾರ ಉಪಯೋಗಕ್ಕೂ ಬರುವುದಿಲ್ಲ. ತಡವಾದ ಕೇಸಿಗೆ ಗನಿಸಾಬರು ನನ್ನನ್ನು ಬಲಿ ಕೊಡುವುದಿಲ್ಲ ಎಂಬುದನ್ನೂ ಲೆಕ್ಕ ಹಾಕಿದ್ದೆ. ಇಪ್ಪತ್ತೆರಡು ವರ್ಷ ಜೊತೆಗಿದ್ದವನು, ಅವರ ಒಳ್ಳೆಯತನ ಎಷ್ಟೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ. ಅದರ ಮೇಲೂ ಸಾಲ ಎತ್ತಿದೆ.

ನಾಲ್ಕು ತಾಲ್ಲೂಕಿನ ಹೊಣೆ ಜುಲೈನಲ್ಲಿ ಒಪ್ಪಿಕೊಂಡೆ. ಮುಚ್ಚಿಡಲು ಏನಿದೆ ಇನ್ನು. ಟ್ರಂಕಿನಲ್ಲಿರುವ ಕಾಗದವನ್ನು ಪರಿಷತ್ತಿಗೆ ಕಳಿಸಬೇಡ ಎನ್ನಲು ನನಗೆ ಮುಖವಿಲ್ಲ. ಕಳಿಸು ಎನ್ನಲು ಧೈರ್ಯವಿಲ್ಲ.

ಅಂಚೆ ಕಚೇರಿ ನನ್ನ ಆಫೀಸಿನಿಂದ ನಲವತ್ತು ಹೆಜ್ಜೆ. ಜೂನ್ ಐದರ ಮಧ್ಯಾಹ್ನ ಕವರು ಹಿಡಿದುಕೊಂಡು ಅಲ್ಲಿಯವರೆಗೂ ಹೋದೆ. ಅಂಚೆಗೆ ಹಾಕಿದರೆ ಅವತ್ತೇ ಮುಟ್ಟುವುದಿಲ್ಲ ಎಂದು ಗೊತ್ತಿತ್ತು. ಫೋಟೋ ಹೊಡೆದು ನಿನ್ನ ಫೋನಿಗೆ ಕಳಿಸಿದ್ದರೂ ಸಂಜೆಯೊಳಗೆ ಅರ್ಜಿ ಹಾಕಬಹುದಿತ್ತು. ಫೋನು ಜೇಬಿನಲ್ಲೇ ಇತ್ತು, ನೀನು ಎರಡು ಸಲ ರಿಂಗ್ ಮಾಡಿದೆ. ಎದುರಿನ ಹೋಟೆಲಿಗೆ ಹೋಗಿ ಕೂತೆ. ಕೌಂಟರ್ ಮುಚ್ಚುವವರೆಗೂ ನೋಡುತ್ತ ಕೂತಿದ್ದೆ. ಮುಚ್ಚಿದರು. ಟೀ ದುಡ್ಡು ಕೊಟ್ಟು ಮನೆಗೆ ಹೋದೆ.

ಪ್ರಸನ್ನಕುಮಾರ್